ಓಕಾರ

ಅಘನಾಶಿನಿ ಇಳಿದಾಗ ಮಾತ್ರ ಕಾಣುವ ದಿಬ್ಬವೊಂದಿದೆ
ತದಡಿಯ ಧಕ್ಕೆಯಿಂದ ಸ್ವಲ್ಪ ಮೇಲಕ್ಕೆ.
ಅಲ್ಲಿ ಅಣ್ಣ, ನಾನು ಬಳಚು ಹೆಕ್ಕುತ್ತಿದ್ದೆವು,
ಮೊಣಕಾಲವರೆಗೆ ಕೆಸರು, ಸೊಂಟಕ್ಕೆ ಸಕ್ಕರೆ ಚೀಲ.

ಬಳಚನ್ನು ಕಾಲಿನಿಂದ ಹುಡುಕಬೇಕು.
ಹೆಬ್ಬೆರಳಿಗೆ ಗಟ್ಟಿ ಏನಾದರೂ ತಾಗಿದರೆ ಬಗ್ಗಬೇಕು.
ಅಣ್ಣ ಹೇಳಿಕೊಟ್ಟದ್ದು.

ಒಂದು ದಿನ, ಬಗ್ಗಿದವ ಬಗ್ಗಿದಂತೆಯೇ ಕೂಗಿದ:
"ನೀರು ಏರ್ತದೆ, ಬಾರೋ!"

ಬಾರೇ ಅನ್ನಲಿಲ್ಲ.
ಬಾಯಿ ತಪ್ಪಿರಬೇಕು ಅಂದುಕೊಂಡೆ
ಅಥವಾ ಗಾಳಿ ತಿರುಚಿರಬೇಕು,
ಆ ದಿಬ್ಬದ ಮೇಲೆ ಗಾಳಿಗೆ ಮರ್ಯಾದೆಯೇ ಇಲ್ಲ.
ಆದರೂ ಎದೆಯೊಳಗೆ ಏನೋ ಗಟ್ಟಿ ತಾಗಿತು.
ಬಗ್ಗಿ ನೋಡಿದೆ.

ಮಾರನೆಯ ದಿನ ಕೇಳಿದೆ:
"ನಿನ್ನೆ ಅಂದ್ಯಲ್ಲ, ಇನ್ನೊಮ್ಮೆ ಅನ್ನು."
"ಎಂತದು?"
"ಅದೇ."
ವಿಠೋಬ ನನ್ನ ಮುಖ ನೋಡಿದ, ಚೀಲ ನೋಡಿದ,
ಸೋರುವ ಮೂಗನ್ನು ತೋಳಿಗೆ ಒರೆಸಿಕೊಂಡ.
"ಏನೋ," ಅಂದ. "ಎಂತದೋ. ಹಸಿವಾಗಲಿಲ್ವೇನೋ ನಿಂಗೆ."
ಆಮೇಲೆ ದಿಬ್ಬದ ಮೇಲೆ ಯಾವಾಗಲೂ ಹಾಗೆಯೇ.
ದಡ ಹತ್ತಿದರೆ ನಾನು ಮತ್ತೆ ಶೇವಂತಿ,
ಎರಡು ಜಡೆ, ಕೆಂಪು ರಿಬ್ಬನ್ನು.

ಆಷಾಢದಲ್ಲಿ ಅವನಿಗೆ ಜ್ವರ.
ಕುಮಟೆಯಲ್ಲಿ ಆಗುವುದಿಲ್ಲ ಅಂದರು.
ನಮ್ಮ ಕಡೆಯ ದೊಡ್ಡ ಕಾಯಿಲೆಗಳೆಲ್ಲ ಮಣಿಪಾಲಕ್ಕೆ ಹೋಗುತ್ತವೆ.
ಆಂಬುಲೆನ್ಸು ಹೋಗುವಾಗ ಕೂಗುತ್ತಾ ಹೋಯಿತು,
ಬರುವಾಗ ಸುಮ್ಮನೆ ಬಂತು.

ಅವನ ನೀಲಿ ಅಂಗಿ ಹಾಕಿಕೊಂಡೆ. ಎರಡನೇ ಗುಂಡಿ ಇಲ್ಲದ್ದು.
"ಪಾಪ, ಅಣ್ಣನ ವಾಸನೆ ಬೇಕು ಅದಕ್ಕೆ" ಅಂದಳು ಮಾಸ್ತಿಯಕ್ಕ.
ಹೌದು, ವಾಸನೆಗೇ.
ಆದರೆ ಮೂರು ಸಲ ಒಗೆದ ಮೇಲೂ ನಾನು ಬಿಚ್ಚಲಿಲ್ಲ.
ಜಡೆ ಕತ್ತರಿಸಿ ಬಾವಿಕಟ್ಟೆಯ ಮೇಲಿಟ್ಟೆ.
"ದುಃಖ ಅದು, ಹೋಗ್ತದೆ" ಅಂದರು ಎಲ್ಲರೂ.

ಯಾವುದು ಹೋಗ್ತದೆ ಎಂದು ಕೇಳಬೇಕೆನಿಸಿತ್ತು.
ಚೀಲದೊಳಗೆ ಇದ್ದದ್ದು ಎರಡು.
ಒಂದು, ಅವನು ಹೋದದ್ದು.
ಇನ್ನೊಂದು, ಅವನು ಹೋಗುವ ಮೊದಲೂ ನಾನು ಇದ್ದದ್ದು.
ಹೊರಗಿನಿಂದ ಎತ್ತಿ ನೋಡಿದವರಿಗೆ ಭಾರ ಒಂದೇ.

ಶಾಲೆಯಲ್ಲಿ ಗಾಂವಕರ ಮಾಸ್ತರು ಲಿಂಗ ಕಲಿಸಿದರು.
ಬಂದನು. ಬಂದಳು. ಬಂದಿತು.
ಮೂರು ಸಾಲು ಬರೆದು ಗೆರೆ ಎಳೆದರು.
ನಾನು ಎದ್ದು ನಿಂತೆ: "ಸರ್, ಬಂದೆನು?"
"ಹಾಂ?"
"ನಾನು ಬಂದೆನು. ಅದು ಯಾವ ಲಿಂಗ?"
ಮಾಸ್ತರು ಹಲಗೆಯನ್ನೇ ನೋಡುತ್ತಾ ನಿಂತರು,
"ಅದಕ್ಕೆ ಬೇಡ" ಅಂದರು, "ಹೇಳುವವರಿಗೆ ಗೊತ್ತಿರ್ತದಲ್ಲ."
ಊಟದ ಗಂಟೆಯವರೆಗೂ ಆ ಮಾತನ್ನು
ಉಪ್ಪು ಹಚ್ಚಿದ ಬಿಂಬಲಕಾಯಿಯ ಹಾಗೆ ಚೀಪಿದೆ.

ಆದರೆ ನನ್ನನ್ನು ನಾನೇ ಕರೆಯಲಾಗುವುದಿಲ್ಲ.
ನೋಡಿದ್ದೇನೆ, ಹಿತ್ತಲಲ್ಲಿ, ಯಾರೂ ಇಲ್ಲದಾಗ.
"ಬಾರೋ" ಅಂದೆ. ನಾಯಿ ಬಂತು.
ಕರೆಯಲು ಇನ್ನೊಬ್ಬರ ಬಾಯಿ ಬೇಕು.
ಇದ್ದ ಒಂದು ಬಾಯಿಗೆ ಅಕ್ಕಿಕಾಳು ಹಾಕಿ ಕಳಿಸಿದೆವು.

ಮಳೆ ಬಿಟ್ಟ ಮೇಲೆ ಅಮ್ಮ ಮೊದಲ ಸಲ ದಿಬ್ಬಕ್ಕೆ ಬಂದಳು.
ಅವನ ಚೀಲವನ್ನೇ ಕಟ್ಟಿಕೊಂಡಿದ್ದಳು.
ಅವಳ ಕಾಲು ಚುರುಕು, ನನ್ನದಕ್ಕಿಂತ, ಅವನದಕ್ಕಿಂತ.
"ಅಣ್ಣ ಇಲ್ಲಿ ನನ್ನ ಹೇಗೆ ಕರೀತಿದ್ದ ಗೊತ್ತದೆಯಾ?"
ಉತ್ತರವಿಲ್ಲ. ನಾಲ್ಕು ಬಳಚು ಹೆಕ್ಕಿದಳು.
ಐದನೆಯದನ್ನು ಕೈಯಲ್ಲೇ ಹಿಡಿದು,
"ಹೇಗೆ?"

ಹೇಳಿದೆ. ಒಂದೇ ಅಕ್ಷರದ ಸಂಗತಿ.
ಅಮ್ಮ ಬಳಚನ್ನು ನೀರಲ್ಲಿ ತೊಳೆದಳು, ಮತ್ತೆ ತೊಳೆದಳು.
"ನಂಗೆ ಯಾಕೆ ಹೇಳಲಿಲ್ಲ ಅವ" ಅಂದಳು.
ಅಳುತ್ತಿದ್ದದ್ದು ಯಾವುದಕ್ಕೋ ಗೊತ್ತಾಗಲಿಲ್ಲ.
ಅವಳಿಗೂ ಗೊತ್ತಿರಲಿಕ್ಕಿಲ್ಲ.

ನೀರು ಹಿಮ್ಮಡಿ ಮುಟ್ಟಿತು, ಆಮೇಲೆ ಮೀನಖಂಡ.
ಅಮ್ಮ ಚೀಲ ಬಿಗಿದು ದೋಣಿಯ ಕಡೆ ನಡೆದಳು,
ಅರ್ಧ ದಾರಿಯಲ್ಲಿ ತಿರುಗಿ,
"ಬಾ" ಅಂದಳು.

ಅಂದು, ಬಾಯಿ ಮುಚ್ಚದೆ ನಿಂತಳು.
ನಾನೂ ನಿಂತೆ.
ಏ ಬರಲಿಲ್ಲ.
ಗಾಳಿ ಬಂತು, ದೂರದಲ್ಲಿ ಬಾರ್ಜಿನ ಸದ್ದು ಬಂತು.
ಚೀಲದ ಇನ್ನೊಂದು ತುದಿ ಹಿಡಿಯಲು
ನೀರಲ್ಲಿ ಕಾಲೆಳೆಯುತ್ತಾ ನಾನು ಹೋದೆ.